ಮಸರಕಲ್ ದಿಬ್ಬದ ಬಿಳಿ ಹೂ

ಹೂವಿನ ಹುಚ್ಚು ನನಗೆ ಹುಟ್ಟಿನಿಂದ ಬಂದದ್ದಲ್ಲ, ಬಸ್ಸಿನ ಟೈರು ಪಂಕ್ಚರ್ ಆಗಿ ಬಂದದ್ದು. ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್. ರಾಯಚೂರಿನಿಂದ ದೇವದುರ್ಗ, ರಾಯಚೂರಿನಿಂದ ಮಾನ್ವಿ, ಈ ಎರಡು ರೂಟುಗಳಲ್ಲೇ ನನ್ನ ಹರೆಯ ಮುಗಿದುಹೋಯಿತು. ಮಂದಿಯ ಜೊತೆ ಬಾಯಿ ಮಾಡಿ ಮಾಡಿ ನಿನಗೆ ಮೆತ್ತಗೆ ಮಾತಾಡುವುದೇ ಮರೆತುಹೋಗಿದೆ ಎಂದು ನನ್ನವ್ವ ಅನ್ನುತ್ತಾಳೆ. ಇರಬಹುದು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ ಆದಮೇಲೆ ಒಂದು ಸೀಟಿಗೆ ನಾಲ್ಕು ಮಂದಿ ಸೆರಗು ಕಟ್ಟಿ ನಿಂತಾಗ, ಮೆತ್ತಗೆ ಮಾತಾಡುವ ಕಂಡಕ್ಟರು ಊರ ಪಕ್ಕದ ಕಲ್ಮಲ ದಾಟುವುದೂ ಕಷ್ಟ. ಇಂಥವಳು ಹೂ ಬೆಳೆಸುತ್ತಾಳೆ ಅಂದರೆ ಡಿಪೋದಲ್ಲಿ ನಗುತ್ತಿದ್ದರು. ನಗಲಿ. ಈಗ ಆ ನಗುವೂ ನಿಂತಿದೆ.

ಮನೆಯಲ್ಲಿ ಇರುವುದು ನಾನು, ನನ್ನವ್ವ ಇಬ್ಬರೇ. ಗಂಡ ಎಂಬುವನೊಬ್ಬ ಇದ್ದ. ಅವನ ಕತೆಗೂ ಹೂವಿಗೂ ಸಂಬಂಧವಿಲ್ಲ, ಬಿಡಿ. ರಾಯಚೂರಿನಲ್ಲಿ ಒಂದು ಮನೆಯ ಮಾಳಿಗೆ ಮೇಲಿನ ಎರಡು ಖೋಲಿ ನಮ್ಮದು, ಕೆಳಗೆ ಮನೆಯೊಡತಿ. ಅವ್ವ ಹುಟ್ಟಿ ಬೆಳೆದದ್ದು ದೇವದುರ್ಗ ತಾಲೂಕಿನ ಮಸರಕಲ್ ಹತ್ತಿರ. ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು; ಪೂಜೆ ಮಾಡದೆ ಬಾಯಿಗೆ ಹನಿ ಚಹಾ ಹಾಕಿದ್ದನ್ನು ನಾನು ಕಂಡಿಲ್ಲ. ದಿನಾ ಬೆಳಿಗ್ಗೆ ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೀರಿಗೆ ಒಂದಿಷ್ಟು ಹಾಲು ಬೆರೆಸಿ ಎರೆಯುತ್ತಾಳೆ. ಎರೆದ ನೀರು ತೀರ್ಥ. ಅದರಲ್ಲಿ ಒಂದು ಗುಟುಕು ತಾನು ತೆಗೆದುಕೊಂಡು, ಮಿಕ್ಕದ್ದನ್ನು ಯಾರೂ ತುಳಿಯದ ಹಾಗೆ ಗಿಡದ ಬುಡಕ್ಕೆ ಹಾಕುತ್ತಾಳೆ. ಮೆಟ್ಟಿಲಿಳಿದು ಹೋಗಿ, ಮನೆಯೊಡತಿಯ ಅಂಗಳದ ನಂದಿಬಟ್ಟಲು ಗಿಡಕ್ಕೆ ಹಾಕಿ ಬರುವುದು ರೂಢಿ.

ಪಂಕ್ಚರ್ ಆದದ್ದು ಮುಂಗಾರು ಹಿಡಿದು ಮಿರಗದ ಮಳೆ ಬಂದ ವಾರದಲ್ಲಿ. ದೇವದುರ್ಗದಿಂದ ಸಂಜೆ ಹೊರಟ ಬಸ್ಸು ಮಸರಕಲ್ ದಾಟಿ ಕುಂಟುತ್ತ ನಿಂತಿತು. ನನ್ನ ಡ್ರೈವರು ಮಾನ್ವಿ ಕಡೆಯವನು, ಕುರಿ ಕಾಯುವ ಮನೆತನದಿಂದ ಬಂದವನು, ವಯಸ್ಸಿನಲ್ಲಿ ನನಗಿಂತ ಹಿರಿಯ. ಅವನು ಜಾಕು ಹಾಕಿ ಬೆವರುತ್ತಿದ್ದ. ಮಂದಿ ಕೆಳಗಿಳಿದು ನನ್ನನ್ನೇ ಬೈಯುತ್ತಿದ್ದರು, ಟೈರಿಗೆ ಮೊಳೆ ಹೊಡೆದವಳು ನಾನೇ ಅನ್ನುವ ಹಾಗೆ. ಬೈಸಿಕೊಳ್ಳುವುದು ಸಾಕಾಗಿ ರಸ್ತೆ ಪಕ್ಕದ ದಿಬ್ಬ ಹತ್ತಿದೆ. ಎಂಥಾ ವಾಸನೆ ಅಂತೀರಿ! ಕಲ್ಲುಗಳ ಸಂದಿನಲ್ಲಿ, ಎಲೆಯೂ ಸರಿಯಾಗಿ ಬಿಡದ ಗಡ್ಡೆಗಳಿಂದ ಬಿಳಿ ಹೂಗಳು ಎದ್ದಿದ್ದವು. ಉದ್ದುದ್ದ ಆರು ಎಸಳು, ನಡುವೆ ಒಂದು ತೆಳ್ಳನೆಯ ಬಟ್ಟಲು. ಕತ್ತಲಾಗುತ್ತಿದ್ದ ಹಾಗೆ ಒಂದೊಂದಾಗಿ ಅರಳುತ್ತಿದ್ದವು. ಇಷ್ಟು ವರ್ಷ ಅದೇ ದಾರಿಯಲ್ಲಿ ದಿನಾ ಓಡಾಡಿದವಳು ಕಂಡಿರಲಿಲ್ಲವಲ್ಲ, ಕಣ್ಣಿಗೆ ಏನಾಗಿತ್ತು ನನಗೆ?

ಕೆಳಗಿಳಿದು ಡ್ರೈವರನನ್ನು ಕೇಳಿದೆ.

“ಅದಾ? ಅಡವಿ ಉಳ್ಳಾಗಡ್ಡಿ ಅಂತೀವಿ ನಾವು,” ಅಂದ. “ಆಡು ಸೈತ ಮುಟ್ಟೂದಿಲ್ಲ. ನೀ ಯಾಕ ಅಕ್ಕಾ ಅದರ ಹಿಂದ ಬಿದ್ದಿ? ಬಾ, ನಟ್ ಹಿಡಿ.”

ಮನೆಗೆ ಬಂದು ಅವ್ವನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ನಡುವ ಬಟ್ಲ ಇತ್ತೇನ? ಹೊತ್ತು ಮುಳುಗಿದ ಮ್ಯಾಲ ಅರಳ್ತದಲಾ, ಅದಾ?”

“ಹೌದು ಬೇ.”

“ಯವ್ವಾ, ಅದು ನಮ್ಮ ದಿಬ್ಬದ ಹೂವು! ಮೊದಲನೇ ಮಳಿ ಆದ ಮರುದಿನ ನಾವು ಹುಡುಗ್ಯಾರೆಲ್ಲ ಓಡ್ತಿದ್ವಿ. ನಮ್ಮಪ್ಪ ಲಿಂಗದ ಮ್ಯಾಲ ಅದನ್ನ ಏರಿಸಿದ ಮ್ಯಾಲೇ ಬಿತ್ತಾಕ ಕೂರಿಗಿ ಹೂಡ್ತಿದ್ದ.” ಆಮೇಲೆ ಸಿಟ್ಟು ಬಂತು ಅವಳಿಗೆ. “ಒಂದು ಹರಕೊಂಡು ಬರಾಕ ನಿನಗ ಏನಾಗಿತ್ತು? ಕೈ ಬಿದ್ದು ಹೋಗಿದ್ವೇನು?”

ಅವ್ವ ಅಷ್ಟು ಸಿಟ್ಟಾದದ್ದಕ್ಕೆ ಕಾರಣವಿತ್ತು. ಅವಳ ಕಣ್ಣು ಹೋಗುತ್ತಿದ್ದವು. ಪೊರೆಯಾಗಿದ್ದರೆ ತೆಗೆಸಬಹುದಿತ್ತು, ಇದು ಕಣ್ಣಿನೊಳಗಿನ ನರ ಒಣಗುವ ರೋಗ. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ನಾಲ್ಕು ದಿನ ಹಿಡಿದಿಡಬಹುದು ಎಂದು ಡಾಕ್ಟರು ಹೇಳಿ ಹನಿ ಔಷಧಿ ಬರೆದಿದ್ದರು. ಬದಿಯಲ್ಲಿ ನಿಂತವರು ಆಗಲೇ ಅವಳಿಗೆ ಕಾಣುತ್ತಿರಲಿಲ್ಲ. ಅವತ್ತು ರಾತ್ರಿ ಉಂಡು ಕೂತಾಗ ಹೇಳಿದಳು, “ಪೂರಾ ಕತ್ತಲಾಗೂದ್ರೊಳಗ ಆ ಹೂವ ಒಮ್ಮೆ ನೋಡಿ ಲಿಂಗಕ್ಕ ಏರಿಸ್ಬೇಕು ನೋಡು. ಮತ್ತೇನ ಆಸಿ ಇಲ್ಲ ನನಗ.” ನನ್ನವ್ವ ನನ್ನ ಹತ್ತಿರ ಅದಕ್ಕೂ ಮೊದಲು ಒಂದು ಸೀರೆ ಕೂಡ ಕೇಳಿದವಳಲ್ಲ.

ಕೇಳಿದ ಮೇಲೆ ಸುಮ್ಮನೆ ಕೂಡುವುದಾಗುತ್ತದೆಯೇ? ಆದರೆ ಡಿಪೋದವರು ಅದೇ ಹೊತ್ತಿಗೆ ನನ್ನನ್ನು ಮಾನ್ವಿ ರೂಟಿಗೆ ಹಾಕಿದರು. ತಿರುಗಿ ದೇವದುರ್ಗದ ಡ್ಯೂಟಿ ಸಿಕ್ಕಾಗ ಹೂವಿನ ಕಾಲ ಮುಗಿದಿತ್ತು. ಡ್ರೈವರನಿಗೆ ಕೈ ಮುಗಿದು ದಿಬ್ಬದ ಹತ್ತಿರ ಒಂದು ನಿಮಿಷ ಬಸ್ಸು ನಿಲ್ಲಿಸಿಕೊಂಡೆ. ಇಂಜಿನ್ ಬಿಸಿ ಆಗಿದೆ ಎಂದು ಮಂದಿಗೆ ಅವನೇ ಸುಳ್ಳು ಹೇಳಿದ. ಹೂವಿನ ಜಾಗದಲ್ಲಿ ಕಾಯಿ ಬಲಿತು ಬಾಯಿ ಬಿಟ್ಟಿದ್ದವು. ಒಳಗೆ ಕರ್ರನೆಯ ಬೀಜ, ಇದ್ದಿಲ ಚೂರಿನ ಹಾಗೆ. ಒಂದು ಹಿಡಿ ಬೀಜವನ್ನು ಚಿಲ್ಲರೆ ಹಾಕುವ ಚರ್ಮದ ಚೀಲಕ್ಕೇ ಹಾಕಿಕೊಂಡೆ. ಗಡ್ಡೆ ಕೀಳಲು ಕೈಯಲ್ಲಿ ಏನೂ ಇರಲಿಲ್ಲ, ಕಲ್ಲಿನ ನಡುವೆ ಅವು ಆಳಕ್ಕೆ ಹೋಗಿದ್ದವು. ಇರಲಿ, ಬರುವ ವರ್ಷ ಮಿರಗಕ್ಕೆ ಅವ್ವನನ್ನೇ ಕರೆತಂದು ದಿಬ್ಬದ ಮೇಲೆ ಕೂಡಿಸಿದರಾಯಿತು ಅಂದುಕೊಂಡೆ.

ಬರುವ ವರ್ಷಕ್ಕೆ ದಿಬ್ಬವೇ ಇರಲಿಲ್ಲ.

ರಸ್ತೆ ಅಗಲ ಮಾಡಲಿಕ್ಕೆ ಮುರಂ ಮಣ್ಣು ಬೇಕಾಗಿತ್ತು. ಬೇಸಿಗೆಯಲ್ಲಿ ಜೆಸಿಬಿ ತಂದು ಬುಡದಿಂದ ಬಾಚಿ, ಟಿಪ್ಪರಿಗೆ ತುಂಬಿ, ಅಲ್ಲೇ ರಸ್ತೆಗೆ ಸುರಿದು ರೋಲರ್ ಹೊಡೆದರು. ನಮ್ಮ ಬಸ್ಸು ಈಗ ಅದೇ ಗಡ್ಡೆಗಳ ಮೇಲೆ ಸೊಯ್ಯನೆ ಓಡುತ್ತದೆ. ರಸ್ತೆ ಚಲೋ ಆಗಿದೆ ಎಂದು ಮಂದಿ ಖುಷಿಯಾದರು, ಬೆನ್ನು ನೋವಿಲ್ಲ ಎಂದು ಡ್ರೈವರೂ ಖುಷಿಯಾದ. ನಾನು ಯಾರನ್ನು ಬೈಯಲಿ? ಆ ರಸ್ತೆಯ ತಗ್ಗು ದಿನ್ನೆಗೆ ಎಲ್ಲರಿಗಿಂತ ಹೆಚ್ಚು ಶಾಪ ಹಾಕಿದವಳೇ ನಾನು. ಮಳೆ ಬಿದ್ದಮೇಲೆ ದಿಬ್ಬ ಬಾಚಿದ ತಗ್ಗಿನ ಅಂಚಿನಲ್ಲೆಲ್ಲ ಹುಡುಕಿದೆ. ಒಂದು ಎಲೆಯೂ ಏಳಲಿಲ್ಲ.

ಮಾನ್ವಿ ಕಡೆ ಕಾಲುವೆ ದಂಡೆಯಲ್ಲಿ ಇಂಥದ್ದೇ ಹೂ ನೋಡಿದ್ದೇನೆ ಎಂದು ಡ್ರೈವರು ಹೇಳಿದ. ರಜೆ ಹಾಕಿ ಅವ್ವನ ಆಧಾರ್ ಕಾರ್ಡು ಹಿಡಿದು ಅವಳನ್ನೂ ಕರೆದುಕೊಂಡು ಹೋದೆ. ಡ್ರೈವರು ತನ್ನ ಊರಿನ ದಾರಿ ತೋರಿಸಿದ. ಅವನು ಕುರಿ ಕಾಯ್ದ ಜಾಗವೆಲ್ಲ ನೆಲ ಸಪಾಟು ಮಾಡಿ ನೆಲ್ಲು ಹಚ್ಚಿದ ಗದ್ದೆ ಆಗಿತ್ತು. “ಇಲ್ಲೇ ಇತ್ತಲ್ಲ ಅಕ್ಕಾ, ಇಲ್ಲೇ,” ಎಂದು ಅವನು ಬದುವಿನ ಮೇಲೆ ಅತ್ತ ಇತ್ತ ತಿರುಗಿದ. ಕೊನೆಗೆ ಕಾಲುವೆಯ ಜೌಗಿನಲ್ಲಿ ಒಂದು ಕಡೆ ದೊಡ್ಡ ದೊಡ್ಡ ಹೂ ಸಿಕ್ಕವು. ಬಿಳಿಯ ಮೇಲೆ ಗುಲಾಬಿ ಗೀಟು, ತಲೆ ಬಾಗಿಸಿಕೊಂಡು ಗೊಂಚಲಾಗಿ ನಿಂತಿದ್ದವು. ಚೆಲುವೆಂದರೆ ಚೆಲುವೇ. ನಾನು ಕೆಸರಲ್ಲಿ ಮೊಣಕಾಲ ತನಕ ಇಳಿದು ಒಂದು ಹೂ ತಂದು ಅವ್ವನ ಕೈಯಲ್ಲಿಟ್ಟೆ. ಅವಳು ಕಣ್ಣಿನ ಹತ್ತಿರ ಹಿಡಿದಳು, ಮೂಸಿದಳು.

“ಚಂದ ಅದ. ಅದು ಇದಲ್ಲ,” ಅಂದಳು.

ಹೀಗಾಗಿ ಉಳಿದದ್ದು ನನ್ನ ಕರಿ ಬೀಜಗಳು ಮಾತ್ರ. ತಂದ ವರ್ಷವೇ ಅವನ್ನು ಹಾಕಿಯೂ ಆಗಿತ್ತು. ಎಣ್ಣೆ ಡಬ್ಬಿಗಳನ್ನು ಕೊಯ್ದು, ತಳಕ್ಕೆ ತೂತು ಹೊಡೆದು, ಸಗಣಿ ಗೊಬ್ಬರ ಹಾಕಿ ಬಿತ್ತಿದ್ದೆ. ಅರ್ಧ ಬೀಜಕ್ಕೆ ಬೂಸರು ಬಂತು. ಕಲ್ಲಿನಲ್ಲಿ ಬೆಳೆದ ಜೀವಕ್ಕೆ ನನ್ನ ಉಪಚಾರ ಹಿಡಿಸಲಿಲ್ಲ. ಮಿಕ್ಕವನ್ನು ಬರೀ ಮುರಂ, ಮರಳಿಗೆ ಹಾಕಿದೆ. ತಿಂಗಳ ಮೇಲೆ ದಾರದಂಥ ಎಲೆ ಎದ್ದವು, ಒಂದು ಬೀಜಕ್ಕೆ ಒಂದೇ ಎಲೆ. ಬಟ್ಟೆ ಒಣಹಾಕಲು ಮೇಲೆ ಬಂದ ಮನೆಯೊಡತಿ ಹುಲ್ಲೆಂದು ತಿಳಿದು ಒಂದು ಡಬ್ಬಿ ಪೂರಾ ಕಿತ್ತು ಸ್ವಚ್ಛ ಮಾಡಿಟ್ಟಿದ್ದಳು. ಅವತ್ತು ನಾನು ಮಾಡಿದ ಜಗಳ ಓಣಿಯ ತುದಿಗೆ ಕೇಳಿಸಿರಬೇಕು.

“ಹುಲ್ಲಿಗೆ ಇಷ್ಟು ಹಾರಾಡ್ತೀರಲ್ರಿ! ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವಂತ,” ಎಂದು ಅವಳು ಮೂತಿ ತಿರುವಿ ಹೋದಳು. ಆಮೇಲೆ ಅವಳು ನಮ್ಮ ಡಬ್ಬಿಗಳ ಕಡೆ ಕಾಲು ಹಾಕಲಿಲ್ಲ, ಅದೊಂದು ಒಳ್ಳೆಯದಾಯಿತು.

ಚಳಿಗಾಲಕ್ಕೆ ಎಲೆಗಳೆಲ್ಲ ಹಳದಿಯಾಗಿ ಬಿದ್ದುಹೋದವು. ಸತ್ತವು ಎಂದು ನಾನು ಗೋಳಾಡಿದೆ. ಮೊಬೈಲಿನಲ್ಲಿ ಹುಡುಕಿ ನೋಡಿದಾಗ ತಿಳಿಯಿತು, ಇವು ನಿದ್ದೆ ಮಾಡುವ ಗಿಡಗಳು. ಬೇಸಿಗೆ ಮುಗಿಯುವ ತನಕ ಗಡ್ಡೆ ಒಣ ಮಣ್ಣಿನಲ್ಲಿ ಮಲಗಬೇಕು. ಆಗ ನೀರು ಬಿದ್ದರೆ ಕೊಳೆಯುತ್ತದೆ. ಡಬ್ಬಿಗಳನ್ನು ಮಾಳಿಗೆಯ ಮೂಲೆಯಲ್ಲಿ ತಗಡಿನ ನೆರಳಿಗೆ ಸೇರಿಸಿ, ಮೇಲೆ ಗೋಣಿತಟ್ಟು ಹೊದಿಸಿದೆ. ಮಿರಗಕ್ಕೆ ತೆಗೆದು ಮಳೆಗೆ ಇಟ್ಟೆ. ಎಂಟು ದಿನದೊಳಗೆ ಎಲೆ ಎದ್ದವು, ಈ ಸಲ ಎರಡೆರಡು. ನಾನು ಮಾಳಿಗೆಯ ಮೇಲೆ ಕುಣಿದದ್ದನ್ನು ಯಾರೂ ನೋಡಲಿಲ್ಲ, ಪುಣ್ಯ.

ಹೂ ಬಿಡಲು ವರ್ಷಗಳೇ ಬೇಕು ಎಂದು ಅಷ್ಟರಲ್ಲಿ ಗೊತ್ತಾಗಿತ್ತು. ನಾನು ಅವ್ವನಿಗೆ ಹೇಳಿರಲಿಲ್ಲ. ಅವಳು ಮಳೆಗಾಲ ಬಂದಾಗಲೆಲ್ಲ “ಮಗ್ಗಿ ಬಂತೇನ?” ಎಂದು ಕೇಳುತ್ತಿದ್ದಳು. “ಇಲ್ಲ ಬೇ, ಇನ್ನಾ ಸಣ್ಣವು,” ಅನ್ನುತ್ತಿದ್ದೆ. ಎಲೆ ವರ್ಷ ವರ್ಷ ಅಗಲವಾಗುತ್ತಿದ್ದವು, ಅವ್ವನ ನೋಟ ವರ್ಷ ವರ್ಷ ಇಕ್ಕಟ್ಟಾಗುತ್ತಿತ್ತು. ಮೊದಲು ಸೂಜಿ ಪೋಣಿಸುವುದು ಬಿಟ್ಟಳು, ಆಮೇಲೆ ಅಕ್ಕಿ ಆರಿಸುವುದು, ಆಮೇಲೆ ಒಲೆಯ ಹತ್ತಿರ ಹೋಗುವುದು. ಒಂದು ದಿನ ನನ್ನ ಮುಖಕ್ಕೆ ಮುಖ ಹಿಡಿದು, “ನಿನಗ ಕೂದಲ ಹಣ್ಣಾಗ್ಯಾವೇನ?” ಎಂದು ಕೇಳಿದಳು. ಹಣ್ಣಾಗಿ ಯಾವ ಕಾಲವಾಗಿತ್ತು! ಇಲ್ಲ ಅಂದೆ. ಗಿಡಗಳಿಗೂ ಅವ್ವನ ಕಣ್ಣಿಗೂ ಹಚ್ಚಿದ ಪಂದ್ಯದಲ್ಲಿ ಗಿಡಗಳು ಸೋಲುತ್ತಿರುವುದು ನನಗೆ ಕಾಣುತ್ತಲೇ ಇತ್ತು.

ಹೋದ ಮಳೆಗಾಲದ ಕೊನೆಗೆ ಒಂದು ಗಡ್ಡೆಯ ಸುತ್ತ ಮಣ್ಣು ಸರಿಸಿ ನೋಡಿದೆ. ನಿಂಬೆಹಣ್ಣಿನಷ್ಟು ದಪ್ಪ ಆಗಿತ್ತು. ಡ್ರೈವರನಿಗೆ ಫೋಟೋ ತೋರಿಸಿದೆ. “ಬರೂ ಮಿರಗಕ್ಕ ಗ್ಯಾರಂಟಿ ಹೂವು ಬಿಡ್ತದ ನೋಡಕ್ಕಾ. ಡಿಪೋಕ್ಕೆಲ್ಲ ಪೇಡೆ ಹಂಚಬೇಕು ನೀನು,” ಅಂದ. ಅವ್ವನಿಗೂ ಹೇಳಿದೆ. ಆ ಹೊತ್ತಿಗೆ ಅವಳಿಗೆ ಬಾಗಿಲು ಯಾವ ಕಡೆ, ಗೋಡೆ ಯಾವ ಕಡೆ ಎಂಬಷ್ಟು ಬೆಳಕು ಮಾತ್ರ ಉಳಿದಿತ್ತು.

“ಕಾಣದಿದ್ರ ಇರವಲ್ದ್ಯಾಕ,” ಅಂದಳು. “ವಾಸನಿ ಗೊತ್ತಾಗ್ತದ. ಲಿಂಗದ ಮ್ಯಾಲ ಏರಿಸಾಕ ಕೈ ಅದಾವಲ್ಲ.”

ಡಬ್ಬಿಗಳನ್ನು ಮೂಲೆಗೆ ಸೇರಿಸಿ ಗೋಣಿತಟ್ಟು ಹೊದಿಸುವಾಗ ಅವಳನ್ನು ಕರೆದು ಕೈ ಹಿಡಿದು ತೋರಿಸಿದೆ. “ಇಲ್ಲಿ ಅದಾವ ನೋಡು. ನಿದ್ದಿ ಮಾಡಾಕತ್ತಾವ. ಮಳಿ ಬರೂತನ ಯಾರೂ ಒಂದು ಹನಿ ನೀರು ಹಾಕಬಾರ್ದು, ಗೊತ್ತಾತಿಲ್ಲೋ?”

“ಆತು, ಒಂದು ಹನಿ ನೀರು ಬೀಳದಂಗ ನೋಡ್ಕೋತೀನಿ,” ಅಂದಳು. ನನಗೆ ಧೈರ್ಯ ಬಂತು. ಅವ್ವ ಮಾತು ಕೊಟ್ಟರೆ ಮುಗಿಯಿತು.

ಬೇಸಿಗೆ ಹೇಗೆ ಕಳೆಯಿತೋ. ರಾಯಚೂರಿನ ಬೇಸಿಗೆಯನ್ನು ಬೇರೆ ಊರಿನವರಿಗೆ ಹೇಳಿ ತಿಳಿಸಲಾಗದು. ಬಸ್ಸಿನ ಕಂಬಿ ಮುಟ್ಟಿದರೆ ಅಂಗೈ ಚುರ್ ಅನ್ನುತ್ತದೆ. ನಸುಕಿನಲ್ಲಿ ಡ್ಯೂಟಿಗೆ ಹೋಗುವುದು, ಬಂದು ಬೀಳುವುದು. ಮಾಳಿಗೆಯ ಮೂಲೆಯ ಕಡೆ ನೋಡಿದರೆ ಗೋಣಿತಟ್ಟು ಹಾಗೇ ಇರುತ್ತಿತ್ತು. ಎಬ್ಬಿಸಬಾರದು ಎಂದು ನಾನು ಮುಟ್ಟುತ್ತಿರಲಿಲ್ಲ. ಒಂದೆರಡು ಸಲ ಆ ಕಡೆಯಿಂದ ಹಳಸಿದ ವಾಸನೆ ಬಂತು. ಮನೆಯೊಡತಿಯ ಬೆಕ್ಕು ಏನೋ ತಂದು ಹಾಕಿರಬೇಕು ಎಂದು ಬೆಕ್ಕನ್ನು ಬೈದೆ.

ಮಿರಗ ಕೂಡಿದ ದಿನ ಸಂಜೆ ಮಳೆ ಬಂತು. ನಾನು ಆಗಷ್ಟೇ ಬಂದು ಚೀಲ ಇಳಿಸಿದ್ದೆ. ಅವ್ವ ಹೊಸಿಲ ಮೇಲೆ ಕೂತು ಮಳೆಗೆ ಕೈ ಚಾಚಿದ್ದಳು, ಮುಖದಲ್ಲಿ ಹುಡುಗಿಯ ಕಳೆ. “ತಗಿ, ತಗಿ, ಹೊರಗ ಇಡು ಅವನ್ನ,” ಎಂದು ಅವಸರ ಮಾಡಿದಳು. ನಾನು ಓಡಿಹೋಗಿ ಗೋಣಿತಟ್ಟು ತೆಗೆದೆ. ತೆಗೆದ ಕೂಡಲೇ ಆ ಹಳಸಿದ ವಾಸನೆ ಮುಖಕ್ಕೆ ಹೊಡೆಯಿತು. ಮಣ್ಣಿನ ಮೇಲೆ ಬಿಳಿ ಕೆನೆ ಕಟ್ಟಿತ್ತು. ಬೆರಳು ಹಾಕಿದೆ, ಒಳಗೆ ಒದ್ದೆ. ಗಡ್ಡೆ ಸಿಕ್ಕಿತು, ಹಿಡಿದರೆ ಬೆರಳ ಸಂದಿನಿಂದ ಕರಿ ಲೋಳೆಯಾಗಿ ಜಾರಿತು. ಇನ್ನೊಂದು ಡಬ್ಬಿ, ಮತ್ತೊಂದು ಡಬ್ಬಿ. ಎಲ್ಲ ಹಾಗೇ.

ನನ್ನ ತಲೆ ಕೆಟ್ಟುಹೋಯಿತು. ಮಳೆಯಲ್ಲೇ ದಡದಡ ಮೆಟ್ಟಿಲಿಳಿದು ಮನೆಯೊಡತಿಯ ಬಾಗಿಲು ಬಡಿದೆ.

“ಯಾಕ್ರಿ ನೀರು ಹಾಕಿದ್ರಿ? ನಿಮಗ ಎಷ್ಟು ಸಲ ಹೇಳೀನಿ, ಮುಟ್ಟಬ್ಯಾಡ್ರಿ ಅಂತ! ಕೊಂದ್ರಿ, ಎಲ್ಲಾ ಕೊಂದ್ರಿ!”

ಅವಳು ಕಣ್ಣು ಕಣ್ಣು ಬಿಟ್ಟಳು. “ನಾ ಯಾಕ ಹಾಕ್ಲಿ? ಅವತ್ತಿನಿಂದ ನಿಮ್ಮ ಡಬ್ಬಿ ಹಂತ್ಯಾಕ ನಾ ಹೋದವಳಲ್ಲ. ಆಣಿ ಮಾಡ್ತೀನಿ ಬೇಕಾದ್ರ.”

“ಮತ್ತ್ಯಾರು ಹಾಕಿದ್ರು? ಆಕಾಶದಿಂದ ಬಿತ್ತೇನು?”

ಮೇಲಿನಿಂದ ಅವ್ವನ ದನಿ ಬಂತು. ಜಗಳ ಕೇಳಿ ಮಾಳಿಗೆಯ ಅಂಚಿನ ಕಟ್ಟೆಯ ತನಕ ಗೋಡೆ ಹಿಡಿದು ಬಂದಿದ್ದಳು.

“ಅಕೀನ ಯಾಕ ಬೈತಿ? ಯಾರೂ ನೀರು ಹಾಕಿಲ್ಲ. ನಾ ನೋಡ್ಕೊಂಡೀನಲ್ಲ. ಯಾರ್ನೂ ಹತ್ರ ಬಿಟ್ಟಿಲ್ಲ. ದಿನಾ ಲಿಂಗದ ತೀರ್ಥ ಒಂದು ಹಾಕೀನಿ, ಅದೂ ಗೋಣಿತಟ್ಟು ಎತ್ತಿ, ಹಾಕಿ, ಮತ್ತ ಮುಚ್ಚೀನಿ. ಒಂದಿನಾನೂ ತಪ್ಪಿಸಿಲ್ಲ.”

ಅವಳ ದನಿಯಲ್ಲಿ ಹೆಮ್ಮೆ ಇತ್ತು. ಕಣ್ಣು ಪೂರಾ ಹೋದಮೇಲೆ ಮೆಟ್ಟಿಲಿಳಿದು ನಂದಿಬಟ್ಟಲಿಗೆ ಹಾಕುವುದು ಅವಳಿಗೆ ಆಗುತ್ತಿರಲಿಲ್ಲ. ತೀರ್ಥ ಯಾರ ಕಾಲಿಗೂ ಸಿಗದ ಜಾಗ ಮಾಳಿಗೆಯ ಮೇಲೆ ಅದೊಂದೇ ಮೂಲೆ. ಅದೂ ಲಿಂಗಕ್ಕೆ ಏರುವ ಹೂವಿನ ಗಿಡ. ಅದಕ್ಕಲ್ಲದೆ ಇನ್ನು ಯಾವುದಕ್ಕೆ ಹಾಕಬೇಕು? ನಾನು ನೀರು ಬೇಡ ಅಂದಿದ್ದೆ. ತೀರ್ಥ ನೀರಲ್ಲ. ನನ್ನವ್ವನ ಹಾಗೆ ಬದುಕಿದ ಯಾರನ್ನು ಕೇಳಿದರೂ ಅದನ್ನು ನೀರು ಅನ್ನುವುದಿಲ್ಲ. ಚೊಂಬು ನೀರಿನಿಂದ ಕಾಲು ತೊಳೆಯುತ್ತಾರೆ, ತೀರ್ಥದಿಂದ ತೊಳೆಯುತ್ತಾರೆಯೇ? ಅವಳು ಮಾತಿಗೆ ತಪ್ಪಿರಲಿಲ್ಲ. ಬಸ್ಸಿನ ತುಂಬ ಬಾಯಿ ಮಾಡುವ ನಾನು ಕರಿ ಲೋಳೆ ಹತ್ತಿದ ಬೆರಳನ್ನು ಮಳೆಗೆ ಹಿಡಿದು ತಿಕ್ಕುತ್ತ ನಿಂತೆ.

ಮನೆಯೊಡತಿ ನನ್ನ ಮುಖ ನೋಡಿದಳು, ಮೇಲೆ ಅವ್ವನನ್ನು ನೋಡಿದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಯಾಕ, ಮಾತಾಡವಲ್ಲಿ?” ಅವ್ವ ಕೇಳಿದಳು. “ಏನಾಗ್ಯಾದ?”

ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಅವಳು ಮೂಲೆಗೆ ಹೋಗಿ ಕೂತಿದ್ದಳು. ಮಳೆ ಅವಳ ಬೆನ್ನ ಮೇಲೆ ಬೀಳುತ್ತಿತ್ತು. ಡಬ್ಬಿಯ ಒಳಗೆ ಕೈ ಹಾಕಿ ತಡಕಿ, ಸಿಕ್ಕಿದ್ದನ್ನು ಹಿಡಿದು, ಬೆರಳು ಮೂಸಿದಳು. ನಾನು ಏನಾದರೂ ಸುಳ್ಳು ಹೇಳೋಣವೆಂದರೆ, ಮೂಗು ಇದ್ದವಳಿಗೆ ಯಾವ ಸುಳ್ಳು ನಡೆಯುತ್ತದೆ?

“ಹಾಲು ಇತ್ತಲ್ಲ ಅದರಾಗ,” ಅಂದಳು ಸಣ್ಣ ದನಿಯಲ್ಲಿ. “ನಾನೇ ಕೊಳಸಿದೆ.”

“ಇಲ್ಲ ಬೇ, ಬಿಸಲಿಗೆ...”

“ಸುಮ್ನಿರು.”

ಎಬ್ಬಿಸಿ ಒಳಗೆ ಕರೆತಂದೆ. ಕೈ ತೊಳೆಸಲು ಹೋದರೆ ಕೊಡಲಿಲ್ಲ, ತಾನೇ ತೊಳೆದುಕೊಂಡಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಮಂದಿ ಅನ್ನುತ್ತಾರಲ್ಲ, ನಮ್ಮಿಬ್ಬರಲ್ಲಿ ಅದನ್ನು ಯಾರು ಯಾರಿಗೆ ಅನ್ನಬೇಕು? ಬೀಜ ಇಲ್ಲ, ದಿಬ್ಬ ಇಲ್ಲ. ಈಗಲೂ ಮಳೆಯಾದ ಮರುದಿನ ಬಸ್ಸಿನ ಕಿಟಕಿಯಿಂದ ಹೊರಗೆ ನೋಡುತ್ತೇನೆ, ರೂಢಿ ಅಷ್ಟೇ. ಎಲ್ಲೋ ಒಂದು ಕಡೆ ಸಿಕ್ಕೀತು ಅನ್ನುವ ಭ್ರಮೆ ನನಗಿಲ್ಲ. ಡ್ರೈವರು ಪೇಡೆಯ ಮಾತು ಎತ್ತಿದಾಗ ಎಲ್ಲ ಹೇಳಿದೆ. ಅವನು ಗೇರು ಹಾಕಿ ಬಸ್ಸು ಬಿಟ್ಟ.

ಗಡ್ಡೆ ಕೊಳೆತದ್ದು ತಿಳಿದ ಮರುದಿನ ನನಗೆ ವಾರದ ರಜೆ ಇತ್ತು. ಅವ್ವ ಎಂದಿನಂತೆ ಪೂಜೆಗೆ ಕೂತಳು. ಲಿಂಗಕ್ಕೆ ಹಾಲು ನೀರು ಎರೆದಳು, ವಿಭೂತಿ ಹಚ್ಚಿದಳು. ಹೂ ಇಲ್ಲದೆಯೇ ಪೂಜೆ ಮುಗಿಯಿತು. ತೀರ್ಥದ ತಂಬಿಗೆ ಹಿಡಿದು ಎದ್ದು, ಗೋಡೆ ಸವರುತ್ತ ಬಾಗಿಲ ತನಕ ಬಂದು, ಹೊಸಿಲ ಮೇಲೆ ನಿಂತುಬಿಟ್ಟಳು. ಮೂಲೆಯ ಕಡೆ ಒಂದು ಹೆಜ್ಜೆ ಹಾಕಿ ಹಿಂದೆ ತೆಗೆದಳು.

ನಾನು ಎದ್ದು ಹೋದೆ. “ಕೊಡು ಯವ್ವಾ. ಕೆಳಗ ನಂದಿಬಟ್ಲಕ್ಕ ಹಾಕಿ ಬರ್ತೀನಿ.”

“ಬ್ಯಾಡ,” ಅಂದಳು. “ಅದೊಂದು ಗಿಡ ಬದುಕಲಿ.”

ತಂಬಿಗೆ ಎತ್ತಿ ಬಾಯಿಗೆ ಹಿಡಿದಳು. ಒಂದು ಗುಟುಕಲ್ಲ, ತಳ ಕಾಣುವ ತನಕ ಅಷ್ಟನ್ನೂ ಕುಡಿದಳು. ಕೆಮ್ಮು ಬಂದರೂ ನಿಲ್ಲಿಸಲಿಲ್ಲ. ಗದ್ದದ ಮೇಲೆ ಇಳಿದದ್ದನ್ನು ಅಂಗೈಯಿಂದ ಒರೆಸಿ, ಆ ಅಂಗೈಯನ್ನು ತಲೆಗೆ ಸವರಿಕೊಂಡಳು. ಈಗ ದಿನಾ ಹಾಗೇ ಕುಡಿಯುತ್ತಾಳೆ. ನಾನು ಡ್ಯೂಟಿ ಮುಗಿಸಿ ಬಂದಾಗ ತಂಬಿಗೆ ಒಲೆಯ ಪಕ್ಕದಲ್ಲಿ ಬೋರಲು ಹಾಕಿರುತ್ತದೆ. ಮಳೆ ಬಂತೇ, ಮಗ್ಗಿ ಬಂತೇ ಎಂದು ಅವಳು ನನ್ನನ್ನು ಕೇಳುವುದಿಲ್ಲ.